ಗುಲ್‌ಟೇಕಡಿಯಿಂದ ಗಂಜ್ ಪೇಠಿಗೆ

ಪುಣೆಯ ನಮ್ಮ ಸೊಸೈಟಿಯಲ್ಲಿ ಪ್ರತಿ ಕಟ್ಟಡಕ್ಕೂ ಎರಡೆರಡು ಲಿಫ್ಟ್. ಒಂದರಲ್ಲಿ ಕನ್ನಡಿ, ಫ್ಯಾನು, ಸಣ್ಣಗೆ ಹಾಡು. ಇನ್ನೊಂದು ಸರ್ವಿಸ್ ಲಿಫ್ಟ್. ಅದರಲ್ಲಿ ಫ್ರಿಜ್ಜು, ಸೋಫಾ, ಸಿಮೆಂಟಿನ ಚೀಲ, ಕಸದ ಡಬ್ಬಿ ಓಡಾಡುತ್ತವೆ. ಎರಡು ವರ್ಷದ ಹಿಂದೆ ಕಮಿಟಿಯವರು ಕೆಳಗಿನ ಲಾಬಿಯಲ್ಲಿ ಒಂದು ಬೋರ್ಡು ಹಾಕಿದರು: ಮನೆಗೆಲಸದವರು, ಡೆಲಿವರಿಯವರು ಮತ್ತು ಸಾಕುಪ್ರಾಣಿಗಳು ಸರ್ವಿಸ್ ಲಿಫ್ಟನ್ನೇ ಬಳಸತಕ್ಕದ್ದು.

ನಮ್ಮ ಮನೆಯಲ್ಲಿ ಗುಂಡ ಇದ್ದಾನೆ. ಹತ್ತು ವರ್ಷದ ಲ್ಯಾಬ್ರಡಾರ್. ಹಿಂಗಾಲಿನ ಸೊಂಟ ನೋವು, ನಿಂತಲ್ಲೇ ಕುಸಿಯುತ್ತಾನೆ. ಸರ್ವಿಸ್ ಲಿಫ್ಟಿಗಾಗಿ ಕಾಲು ಗಂಟೆ ಕಾಯುವುದು ಅವನಿಂದ ಆಗದು. ನಾಯಿ ಸಾಕಿದ ಹನ್ನೊಂದು ಮನೆಯವರು ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡೆವು. ಸಾಕುಪ್ರಾಣಿಗಳಿಗೆ ಲಿಫ್ಟ್ ನಿಷೇಧಿಸಬಾರದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಹುಡುಕಿ, ಪ್ರಿಂಟ್ ತೆಗೆದು, ಕಮಿಟಿಗೆ ಕೊಟ್ಟೆವು. ಪತ್ರದ ಕರಡು ನನ್ನದೇ. ಒಂದೇ ತಿಂಗಳಲ್ಲಿ ಬೋರ್ಡಿನ ಮೇಲೆ 'ಸಾಕುಪ್ರಾಣಿಗಳು' ಎಂಬ ಮಾತಿನ ಮೇಲೆ ಬಿಳಿ ಪಟ್ಟಿ ಬಿತ್ತು. ಗೆದ್ದ ಖುಷಿಗೆ ಅಂದು ಸಂಜೆ ಬಾಕರವಡಿ ಹಂಚಿದೆವು.

ಮರುದಿನ ಬೆಳಿಗ್ಗೆ ಗುಂಡನನ್ನು ತಿರುಗಾಡಿಸಿಕೊಂಡು ಬಂದು ಕನ್ನಡಿಯ ಲಿಫ್ಟಿನಲ್ಲಿ ನಿಂತೆ. ನಮ್ಮ ಮಾವಶಿ ಪಕ್ಕದ ಸರ್ವಿಸ್ ಲಿಫ್ಟಿನ ಮುಂದೆ ಕಾಯುತ್ತಿದ್ದಳು. ಅದರ ತುಂಬ ಯಾರದೋ ಮನೆಯ ಟೈಲ್ಸ್ ಪೆಟ್ಟಿಗೆ.

"ಯಾಕ ಅಲ್ಲೇ ನಿಂತಿ? ಬಾ ಇದರಾಗ," ಅಂದೆ.

ಅವಳು ಬೋರ್ಡು ನೋಡಿದಳು, ಗುಂಡನನ್ನು ನೋಡಿದಳು, ನಕ್ಕಳು. "ನಾಯೀಗಿ ನೀವದೀರಿ ಅಕ್ಕಾರ. ನೀವು ಹೋಗ್ರಿ, ನಾ ಮೆಟ್ಟಲಾ ಹತ್ತಿ ಬರ್ತೀನಿ."

ನಮ್ಮದು ಒಂಬತ್ತನೇ ಮಹಡಿ.

ಪುಣೆಯಲ್ಲಿ ಮನೆಗೆಲಸದ ಹೆಂಗಸರನ್ನು ಮಾವಶಿ ಎನ್ನುವುದು ರೂಢಿ. ಮಾವಶಿ ಅಂದರೆ ಚಿಕ್ಕವ್ವ, ದೊಡ್ಡವ್ವ, ತಾಯಿಯ ಒಡಹುಟ್ಟಿದವಳು. ನಮ್ಮ ಮಾವಶಿ ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದ, ಹಿಂದೆ ಇವಳೂ ಬಂದಳು. ಈ ಊರಿನ ಹೊಸ ಹೊಸ ಗೋಪುರಗಳ ಬುಡದಲ್ಲಿ ತಗಡಿನ ಶೆಡ್ಡುಗಳಿರುತ್ತವಲ್ಲ, ಅಲ್ಲಿ ಒಂದು ಗಳಿಗೆ ಕಿವಿಗೊಟ್ಟು ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳಿಸುತ್ತದೆ. ನಾನು ಧಾರವಾಡದವಳು. ಇಬ್ಬರೂ ಕನ್ನಡದವರೆಂದು ಮೊದಲ ದಿನವೇ ಹಿಗ್ಗಿದ್ದೆವು. ಆದರೂ ಅವಳು ನನಗೆ 'ನೀವು', ನಾನು ಅವಳಿಗೆ 'ನೀ'. ಅವಳ ಚಹಾಕ್ಕೆ ಕಿಟಕಿಯ ಹತ್ತಿರ ಬೇರೆ ಲೋಟ. ಗುಂಡ ಮಾತ್ರ ನಾನು ಉಂಡ ತಟ್ಟೆಯನ್ನೇ ನೆಕ್ಕುತ್ತಾನೆ. ಇಷ್ಟು ವರ್ಷ ಇದೆಲ್ಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದಾಗಿ ಕೆಲವು ತಿಂಗಳಿಗೆ ಜನವರಿ ಬಂತು. ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. ಮಹಾರಾಷ್ಟ್ರದ ಶಾಲೆಗಳಲ್ಲಿ ಅಂದು ಭಾಷಣ, ನಾಟಕ ಇರುತ್ತದೆ. ಮಾವಶಿಯ ಮಗಳು ಎಂಟನೇ ಇಯತ್ತೆ, ಮರಾಠಿ ಶಾಲೆ. ಅವ್ವ ಪಾತ್ರೆ ತೊಳೆಯುವಾಗ ಹುಡುಗಿ ನಮ್ಮ ಅಡಿಗೆಮನೆಯ ಬಾಗಿಲಿಗೆ ಒರಗಿ ಭಾಷಣ ಗಟ್ಟಿ ಮಾಡುತ್ತಿದ್ದಳು. ಅದರಲ್ಲಿ ಒಂದು ಕಡೆ ಕುಂಟ ಕತ್ತೆಯ ಮಾತು ಬಂತು. ಕುಂಟ ಕತ್ತೆಗೆ ಹೊಡೆದರೆ ಅದರ ಒಡೆಯ ಬಂದು ಜಗಳ ತೆಗೆಯುತ್ತಾನೆ, ನಮಗೆ ಹೊಡೆದರೆ ಬೇಡವೆನ್ನಲು ಯಾರಿದ್ದರು, ಎಂಬ ಅರ್ಥದ ಮಾತು. ಹಾಲು ಕಾಯಿಸುತ್ತಿದ್ದವಳು ತಿರುಗಿ ನೋಡಿದೆ. ಇದನ್ನು ಯಾರು ಹೇಳಿದ್ದು ಎಂದು ಕೇಳಿದೆ. "ಮುಕ್ತಾ ಸಾಳವೆ, ಆಂಟಿ. ನನ್ನಷ್ಟೇ ದೊಡ್ಡಾಕಿ. ಹದಿನಾಲ್ಕು ವರ್ಷ."

ಆ ಭಾನುವಾರ ತರಕಾರಿ ಚೀಲ ಹಿಡಿದು ಹೊರಟವಳು ಗುಲ್‌ಟೇಕಡಿಯಿಂದ ಗಂಜ್ ಪೇಠಿಗೆ ನಡೆದುಕೊಂಡು ಹೋದೆ.

ಗುಲ್‌ಟೇಕಡಿ ಅಂದರೆ ಇಂದಿನ ಪುಣೆಯವರಿಗೆ ಮಾರ್ಕೆಟ್ ಯಾರ್ಡ್. ಭಾನುವಾರ ಬೆಳಿಗ್ಗೆ ಕೊತ್ತಂಬರಿ, ಮೆಂತ್ಯದ ಕಟ್ಟುಗಳ ಗುಡ್ಡೆ, ಉಳ್ಳಾಗಡ್ಡಿ ಚೀಲಗಳ ಗೋಡೆ, ಚೆಂಡು ಹೂವಿನ ರಾಶಿ. ಅದರ ನಡುವೆ ತಲೆಗೆ ಸಿಂಬಿ ಇಟ್ಟು, ಬೆನ್ನು ಬಗ್ಗಿಸಿ, "ಬಾಜೂ, ಬಾಜೂ" ಎಂದು ಕೂಗುತ್ತ ಓಡುವ ಹಮಾಲರು. ಇವರನ್ನು ಸಂಘಟಿಸಿದವರು ಡಾ. ಬಾಬಾ ಆಢಾವ್. 1950ರ ದಶಕದಲ್ಲಿ ಅವರು ಕಟ್ಟಿದ ಹಮಾಲ್ ಪಂಚಾಯತ್ ಮುಂದೆ 'ಕಷ್ಟಾಚಿ ಭಾಕರ್' ಎಂಬ ಅಗ್ಗದ ಊಟದ ಕೇಂದ್ರಗಳನ್ನು ತೆರೆಯಿತು. ಕಷ್ಟದ ರೊಟ್ಟಿ ಎಂದು ನಾವು ಹೇಳಬಹುದು. ಝುಣಕ, ಭಾಕರಿ, ಉಸಳ್. ನಮ್ಮ ಕಡೆಯ ರೊಟ್ಟಿ ಊಟದ ನೆನಪಾಗಿ ನಾನೂ ಅಲ್ಲಿ ಎಷ್ಟೋ ಸಲ ಉಂಡಿದ್ದೇನೆ.

ಹಮಾಲನ ಬೆನ್ನ ಮೇಲಿನ ಚೀಲ ನೋಡಿದಾಗ ನನಗೆ ಆ ಲಿಫ್ಟಿನ ಪತ್ರಕ್ಕಾಗಿ ಓದಿದ ಕಾನೂನುಗಳು ನೆನಪಾದವು. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳ ಬಗ್ಗೆ ನಮ್ಮ ದೇಶದಲ್ಲಿ 1965ರ ನಿಯಮಗಳಿವೆ. ಕತ್ತೆಯ ಮೇಲೆ 50 ಕಿಲೋಗಿಂತ ಹೆಚ್ಚು ಹೇರಬಾರದು. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣಾಂಶ 37 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಕೆಲಸಕ್ಕೆ ಹಚ್ಚಬಾರದು. ಒಳ್ಳೆಯ ನಿಯಮಗಳು. ಆದರೆ ಈ ನಿಯಮ ಬಂದ ಮೇಲೂ ಎಷ್ಟೋ ವರ್ಷ ಹಮಾಲರು 100 ಕಿಲೋ ಚೀಲಗಳನ್ನೇ ಹೊರುತ್ತಿದ್ದರು. ಚೀಲದ ತೂಕ ಅರ್ಧಕ್ಕೆ ಇಳಿಯಬೇಕಾದರೆ ಅವರ ಸಂಘಟನೆಗಳು ದೀರ್ಘಕಾಲ ಹೋರಾಡಬೇಕಾಯಿತು. ಇನ್ನು ಏಪ್ರಿಲ್-ಮೇ ತಿಂಗಳ ಎರಡು ಗಂಟೆಯ ಬಿಸಿಲಿನಲ್ಲಿ ನಮ್ಮ ಎದುರಿನ ಕಟ್ಟಡದ ಹದಿನೈದನೇ ಮಹಡಿಯ ಸ್ಲ್ಯಾಬಿನ ಮೇಲೆ ಕಬ್ಬಿಣ ಕಟ್ಟುವವರನ್ನು ನಾನು ಪ್ರತಿ ವರ್ಷ ಕಿಟಕಿಯಿಂದ ನೋಡುತ್ತೇನೆ. ಒಳಗೆ ಗುಂಡ ಎ.ಸಿ.ಯ ಕೆಳಗೆ ಮಲಗಿರುತ್ತಾನೆ.

ಗುಲ್‌ಟೇಕಡಿಯ ಹೆಸರು ಮುಕ್ತಾಳ ಪ್ರಬಂಧದಲ್ಲಿಯೂ ಇದೆ. ಬಾಜಿರಾವ್ ಪೇಶ್ವೆಯ ಆಳ್ವಿಕೆಯಲ್ಲಿ ಮಹಾರ್ ಅಥವಾ ಮಾಂಗ್ ಜಾತಿಯವನು ತಾಲೀಮುಖಾನೆಯ ಮುಂದೆ ಹಾದುಹೋದರೆ ಅವನ ತಲೆ ಕಡಿದು, ಗುಲ್‌ಟೇಕಡಿಯ ಬಯಲಿನಲ್ಲಿ ಕತ್ತಿಯನ್ನೇ ದಾಂಡು ಮಾಡಿ ತಲೆಯನ್ನೇ ಚೆಂಡು ಮಾಡಿ ಆಡುತ್ತಿದ್ದರೆಂದು ಆಕೆ ಬರೆಯುತ್ತಾಳೆ. ಪೇಶ್ವೆಯ ಆಳ್ವಿಕೆ ಮುಗಿದದ್ದು 1818ರಲ್ಲಿ. ಅವಳು ಬರೆದದ್ದು 1855ರಲ್ಲಿ. ಅಜ್ಜ-ಅಜ್ಜಿಯರ ಬಾಯಿಂದ ಕೇಳಿದ ನೆನಪು ಅದು. ನಾನು ಇಪ್ಪತ್ತು ರೂಪಾಯಿಗೆ ಎರಡು ಕಟ್ಟು ಪಾಲಕ್ ಕೊಂಡು, ಅದೇ ನೆಲದ ಮೇಲೆ ಚಿಲ್ಲರೆ ಎಣಿಸುತ್ತ ನಿಂತಿದ್ದೆ.

ಅಲ್ಲಿಂದ ಶಂಕರಶೇಠ ರಸ್ತೆ ದಾಟಿ ಹಳೆಯ ಪೇಠಗಳೊಳಗೆ ಹೊಕ್ಕರೆ ಗಂಜ್ ಪೇಠ. ಈಗ ಅದರ ಹೆಸರು ಮಹಾತ್ಮಾ ಫುಲೆ ಪೇಠ. ಇಕ್ಕಟ್ಟಾದ ಓಣಿ, ಗ್ಯಾರೇಜು, ಕಿರಾಣಿ ಅಂಗಡಿ, ಒಗೆದ ಬಟ್ಟೆ. ಅದರ ನಡುವೆ ಹೆಂಚಿನ ಮನೆ, ಕಲ್ಲು ಹಾಸಿದ ಅಂಗಳ: ಫುಲೆವಾಡಾ. ಜೋತಿರಾವ್ ಮತ್ತು ಸಾವಿತ್ರಿಬಾಯಿ ಬಾಳಿದ ಮನೆ. ಶನಿವಾರವಾಡಾದ ಕೋಟೆಬಾಗಿಲು ನೋಡಲು ಬರುವ ಬಸ್ಸುಗಳು ಇಲ್ಲಿಯವರೆಗೆ ಬರುವುದು ಕಡಿಮೆ. ನಾನು ಹೋದಾಗ ಅಂಗಳದಲ್ಲಿ ಎರಡು ಮುದಿ ಬೆಕ್ಕು, ಒಂದು ಶಾಲೆಯ ಮಕ್ಕಳ ಸಾಲು, ಅವರ ಟೀಚರ್ ಇಷ್ಟೇ ಇದ್ದರು.

1868ರಲ್ಲಿ ಫುಲೆ ದಂಪತಿ ಈ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದುಕೊಟ್ಟರು. ಇಂದು ಕೇಳಿದರೆ ದೊಡ್ಡ ಸಂಗತಿ ಅನ್ನಿಸದು. ಆದರೆ ಆ ಕಾಲದ ಊರುಗಳಲ್ಲಿ ದನ, ನಾಯಿ, ಕಾಗೆ ಬಾಯಿ ಹಾಕಿದ ನೀರನ್ನು ಮನುಷ್ಯ ಮುಟ್ಟಿದರೆ ಮೈಲಿಗೆಯಾಗುತ್ತಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದಲ್ಲಿ ಚವದಾರ್ ಕೆರೆಯ ನೀರು ಕುಡಿದದ್ದು ಇದೇ ಕಾರಣಕ್ಕೆ. ಆ ಕೆರೆಗೆ ಪ್ರಾಣಿಗಳಿಗೆ ಅಡ್ಡಿಯಿರಲಿಲ್ಲ. ಅವರು ಕುಡಿದು ಹೋದ ಮೇಲೆ ಊರವರು ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಆಕಳ ಸಗಣಿ, ಗಂಜಳದಿಂದ ಶುದ್ಧಿ. ಮನುಷ್ಯನ ಬೊಗಸೆಯಿಂದ ಮೈಲಿಗೆ.

ಮುಕ್ತಾ ಓದಿದ್ದು ಫುಲೆಯವರ ಶಾಲೆಯಲ್ಲಿ. ಫುಲೆ ದಂಪತಿ ಹೆಣ್ಣುಮಕ್ಕಳ ಮೊದಲ ಶಾಲೆ ತೆರೆದದ್ದು 1848ರಲ್ಲಿ, ಬುಧವಾರ ಪೇಠಿನ ಭಿಡೆವಾಡಾದಲ್ಲಿ. ದಗಡೂಶೇಠ್ ಗಣಪತಿಯ ಎದುರಿಗೆ ಪಾಳು ಬಿದ್ದಿದ್ದ ಆ ಕಟ್ಟಡವನ್ನು ಸ್ಮಾರಕ ಕಟ್ಟಲೆಂದು 2023ರ ಡಿಸೆಂಬರಿನಲ್ಲಿ ಕೆಡವಿದರು. ಸಾವಿತ್ರಿಬಾಯಿ ಪಾಠ ಹೇಳಲು ಹೊರಟರೆ ದಾರಿಯಲ್ಲಿ ಜನ ಕೆಸರು, ಸಗಣಿ ಎಸೆಯುತ್ತಿದ್ದರು. ಮುಂದೆ ಮಹಾರ್, ಮಾಂಗ್ ಮಕ್ಕಳಿಗೂ ಶಾಲೆ ತೆರೆದರು. ಅಂಥ ಶಾಲೆಯಿಂದ ಬಂದ ಹದಿನಾಲ್ಕು ವರ್ಷದ ಮಾಂಗ್ ಹುಡುಗಿಯ ಪ್ರಬಂಧ ಮಿಷನರಿಗಳ 'ಜ್ಞಾನೋದಯ' ಪತ್ರಿಕೆಯಲ್ಲಿ 1855ರ ಫೆಬ್ರವರಿ-ಮಾರ್ಚಿನಲ್ಲಿ ಎರಡು ಕಂತಾಗಿ ಬಂತು. ಮಾಂಗ್ ಮತ್ತು ಮಹಾರರ ದುಃಖದ ಕುರಿತು, ಎಂಬುದು ಅದರ ವಿಷಯ. ಅವಳ ಬರವಣಿಗೆ ಎಂದು ಉಳಿದಿರುವುದು ಅದೊಂದೇ.

ತುಳಸಿಕಟ್ಟೆಯ ಹತ್ತಿರ ಕುಳಿತು ಮೊಬೈಲಿನಲ್ಲಿ ಆ ಪ್ರಬಂಧ ಓದಿದೆ. ನಾಲ್ಕೇ ಪುಟ. ಅವಳು ಅಳುವುದಿಲ್ಲ, ವಾದ ಮಾಡುತ್ತಾಳೆ. ನಮ್ಮನ್ನು ದನ, ಎಮ್ಮೆಗಿಂತ ಕೀಳಾಗಿ ಕಂಡರು ಎನ್ನುತ್ತಾಳೆ. ಕತ್ತೆಯ ಹೋಲಿಕೆ ತರುತ್ತಾಳೆ. ವೇದ ಬ್ರಾಹ್ಮಣರಿಗೆ ಮಾತ್ರ ಎಂದ ಮೇಲೆ ನಾವು ಆ ಧರ್ಮದ ಹೊರಗಿನವರು ಎಂದಾಯಿತಲ್ಲ, ಎಂದು ಕೇಳುತ್ತಾಳೆ. ಹೆರಿಗೆಯ ಹೊತ್ತಿನಲ್ಲಿ ತಲೆಯ ಮೇಲೆ ಸೂರಿಲ್ಲದೆ ಗಾಳಿಮಳೆಯಲ್ಲಿ ನರಳುವ ತನ್ನ ಜಾತಿಯ ಹೆಂಗಸರ ಬಗ್ಗೆ ಬರೆಯುತ್ತಾಳೆ. ಕೊನೆಗೆ ತನ್ನವರಿಗೆ, ಓದಿರಿ, ಎನ್ನುತ್ತಾಳೆ.

ಕಾಲೇಜಿನಲ್ಲಿ ನಾನು ನೀತಿಶಾಸ್ತ್ರ ಓದಿದವಳು. ಪ್ರಾಣಿಗಳ ವಿಷಯ ಬಂದರೆ ನಮ್ಮ ಮೇಷ್ಟ್ರು ಜೆರೆಮಿ ಬೆಂಥಾಮ್‌ನ 1789ರ ಪುಸ್ತಕದ ಒಂದು ಅಡಿಟಿಪ್ಪಣಿಯಿಂದ ಶುರು ಮಾಡುತ್ತಿದ್ದರು. ಚರ್ಮದ ಬಣ್ಣ ಕಪ್ಪೆಂಬ ಕಾರಣಕ್ಕೆ ಒಬ್ಬ ಮನುಷ್ಯನನ್ನು ಹಿಂಸಕನ ಕೈಗೆ ಬಿಡಬಾರದೆಂದು ಫ್ರೆಂಚರು ಅರಿತುಕೊಂಡಿದ್ದಾರೆ, ಹಾಗೆಯೇ ಕಾಲಿನ ಸಂಖ್ಯೆ, ಮೈಮೇಲಿನ ಕೂದಲು ನೋಡಿ ಪ್ರಾಣಿಯನ್ನು ಬಿಟ್ಟುಕೊಡಬಾರದೆಂದು ಒಂದು ದಿನ ತಿಳಿದೀತು, ಎಂಬುದು ಅವನ ಮಾತಿನ ಸಾರ. ಪ್ರಾಣಿ ಯೋಚಿಸಬಲ್ಲದೇ, ಮಾತಾಡಬಲ್ಲದೇ ಎಂದು ಕೇಳಬೇಡಿ, ಅದಕ್ಕೆ ನೋವಾಗುತ್ತದೆಯೇ ಎಂದು ಕೇಳಿ, ಎಂದ. 1975ರಲ್ಲಿ ಪೀಟರ್ ಸಿಂಗರ್ 'ಅನಿಮಲ್ ಲಿಬರೇಷನ್' ಬರೆದಾಗಲೂ ಇದೇ ದಾರಿ: ಮನುಷ್ಯರ ಸಮಾನತೆಯನ್ನು ಒಪ್ಪಿದ್ದೇವೆ, ಈಗ ಒಂದು ಹೆಜ್ಜೆ ಮುಂದೆ ಹೋಗೋಣ.

ಗಂಜ್ ಪೇಠಿನಲ್ಲಿ ಕುಳಿತಾಗ ಅನ್ನಿಸಿತು: ಆ ದಾರಿ ಇಲ್ಲಿ ತಿರುಗುಮುರುಗಾಗಿದೆ. ಬೆಂಥಾಮ್ ಮನುಷ್ಯನ ನೋವಿನಿಂದ ಹೊರಟು ಪ್ರಾಣಿಯ ಬಳಿಗೆ ಹೋದ. ಮುಕ್ತಾ ಪ್ರಾಣಿಗೆ ಸಿಕ್ಕಿದ್ದನ್ನು ತೋರಿಸಿ ಮನುಷ್ಯರ ಪರವಾಗಿ ಬೇಡಬೇಕಾಯಿತು. ಅವಳ ಮಾತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕುಂಟ ಕತ್ತೆಗೆ ನೋವಾಗುತ್ತದೆಂದು ಒಡೆಯ ಜಗಳಕ್ಕೆ ಬರುತ್ತಾನೆಂದು ಅವಳು ಹೇಳುವುದಿಲ್ಲ. ಅದು ಅವನ ಕತ್ತೆ, ಅದಕ್ಕೇ ಬರುತ್ತಾನೆ. ಅಂದರೆ ಕತ್ತೆಗೂ ಸಿಕ್ಕಿದ್ದು ನ್ಯಾಯವಲ್ಲ, ಒಡೆತನದ ನೆರಳು. ಮನುಷ್ಯರಿಗೆ ಆ ನೆರಳೂ ಇರಲಿಲ್ಲ.

ನಮ್ಮ ಮಾವಶಿ ಲಿಫ್ಟಿನ ಮುಂದೆ ಹೇಳಿದ್ದು ಇದನ್ನೇ. ಗುಂಡನಿಗೆ ನಾನಿದ್ದೆ. ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ, ಮೇಂಟೆನೆನ್ಸ್ ಕಟ್ಟುವ ನಾನು. ಗುಂಡನ ನೋವಿಗೆ ಕಮಿಟಿ ಕರಗಿತೆಂದು ನಾನು ಅಂದುಕೊಂಡಿದ್ದೆ. ಅದು ಹನ್ನೊಂದು ಫ್ಲ್ಯಾಟಿನವರ ಮಾತಿಗೆ ಬಾಗಿತ್ತು, ಅಷ್ಟೆ.

ಫುಲೆವಾಡಾದಿಂದ ನಾಲ್ಕು ಹೆಜ್ಜೆ ನಡೆದರೆ ನಾನಾ ಪೇಠ, ಭವಾನಿ ಪೇಠ. ಆಷಾಢದ ವಾರಿಯಲ್ಲಿ ದೇಹುವಿನಿಂದ ತುಕಾರಾಮರ ಪಾಲಖಿ, ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ ಬಂದು ಎರಡು ರಾತ್ರಿ ತಂಗುವುದು ಈ ಓಣಿಗಳ ವಿಠೋಬಾ ಗುಡಿಗಳಲ್ಲಿ. ಪಂಢರಪುರದ ವಿಠ್ಠಲನನ್ನು ಕನ್ನಡಿಗನೆಂದು ಕರೆದವರು ಜ್ಞಾನೇಶ್ವರರು, ಹಾಗಾಗಿ ನಮಗೆಲ್ಲ ಅವರ ಮೇಲೆ ಒಂದು ತೂಕ ಹೆಚ್ಚು ಪ್ರೀತಿ. ಅವರ ಕೋಣದ ಕಥೆ ನಿಮಗೂ ಗೊತ್ತಿರಬಹುದು. ಪೈಠಣದ ಪಂಡಿತರು ವೇದದ ಅಧಿಕಾರ ಕೇಳಿದಾಗ, ಎಲ್ಲ ಜೀವದಲ್ಲಿರುವ ಆತ್ಮ ಒಂದೇ ಎಂದು ತೋರಿಸಲು ಅವರು ಕೋಣನ ಬಾಯಿಂದ ವೇದ ಹೇಳಿಸಿದರಂತೆ. ಪುಣೆ-ನಾಶಿಕ್ ಹೆದ್ದಾರಿಯಲ್ಲಿ ಜುನ್ನರ್ ತಾಲೂಕಿನ ಆಳೆ ಊರಿನಲ್ಲಿ ಆ ಕೋಣನ ಸಮಾಧಿ ಇದೆ, ಗುಡಿ ಇದೆ. ನಾವು ಶಿರಡಿಗೆ ಹೋಗುವಾಗ ಒಮ್ಮೆ ಇಳಿದು ಕೈಮುಗಿದಿದ್ದೆವು.

ಜ್ಞಾನೇಶ್ವರರು 13ನೇ ಶತಮಾನದವರು. ಕೋಣ ವೇದ ಹೇಳಿದ ಕಥೆಯನ್ನು ಈ ನಾಡು ಆರುನೂರು ವರ್ಷ ಭಕ್ತಿಯಿಂದ ಹಾಡಿದ ಮೇಲೂ, ವೇದ ನಮ್ಮದಲ್ಲವಂತೆ, ಎಂದು ಮುಕ್ತಾ ಬರೆಯಬೇಕಾಗಿತ್ತು. ಸಂತರ ತಪ್ಪು ಅದರಲ್ಲಿಲ್ಲ. ಏಕನಾಥರ ಬಗ್ಗೆ ಎರಡು ಕಥೆ ಹೇಳುತ್ತಾರೆ. ರಾಮೇಶ್ವರಕ್ಕೆಂದು ಹೊತ್ತ ಗಂಗಾಜಲವನ್ನು ಬಾಯಾರಿದ ಕತ್ತೆಗೆ ಕುಡಿಸಿದರು. ಸುಡುವ ಮರಳಿನಲ್ಲಿ ಅಳುತ್ತಿದ್ದ ಮಹಾರ್ ಮಗುವನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡರು. ಎರಡನ್ನೂ ಮಾಡಿದವರು ಒಬ್ಬರೇ. ಕೇಳುವ ನಾವು ಕತ್ತೆಯ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ, ಮಗುವಿನ ಕಥೆಯನ್ನು ಬಿಟ್ಟುಬಿಡುತ್ತೇವೆ. ನಮ್ಮ ಶಾಲೆಯಲ್ಲೂ ಹಾಗೆಯೇ ಇತ್ತು. ಗೋವಿನ ಹಾಡು ಹಾಡಿಸುವಾಗ ಪುಣ್ಯಕೋಟಿಗಾಗಿ ಇಡೀ ತರಗತಿ ಅತ್ತಿತ್ತು. ಆ ತರಗತಿಯಲ್ಲಿ ಕೊನೆಯ ಸಾಲಿನ ಇಬ್ಬರಿಗೆ ಮಧ್ಯಾಹ್ನ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಅದಕ್ಕೆ ಯಾರೂ ಅತ್ತದ್ದು ನೆನಪಿಲ್ಲ.

ಇದನ್ನೆಲ್ಲ ಓದಿ, ನಾಯಿ ಸಾಕುವುದೇ ತಪ್ಪು, ಮೊದಲು ಮನುಷ್ಯರನ್ನು ನೋಡಿಕೊಳ್ಳಿ, ಎನ್ನುವವರಿದ್ದಾರೆ. ನಮ್ಮ ಸೊಸೈಟಿಯಲ್ಲಿಯೂ ಇದ್ದಾರೆ. ಗಮನಿಸಿದ್ದೇನೆ, ಬೀದಿನಾಯಿಗೆ ಕಲ್ಲೆಸೆಯುವವರೇ ವಾಚ್‌ಮನ್‌ನನ್ನೂ ಏಕವಚನದಲ್ಲಿ ಬೈಯುತ್ತಾರೆ. ಕರುಣೆ ಕೊಡದ ನೀರಲ್ಲ, ಕತ್ತೆಗೆ ಕೊಟ್ಟರೆ ಮಗುವಿಗೆ ಕಡಿಮೆಯಾಗಲು. ನನ್ನಲ್ಲಿ ಕಡಿಮೆಯಿದ್ದದ್ದು ಕರುಣೆಯೂ ಅಲ್ಲವೇನೋ. ಮಾವಶಿಗೆ ಜ್ವರ ಬಂದರೆ ಗುಳಿಗೆ ಕೊಟ್ಟಿದ್ದೇನೆ, ದೀಪಾವಳಿಗೆ ಸೀರೆ ಕೊಟ್ಟಿದ್ದೇನೆ. ಗುಂಡನಿಗೂ ಗುಳಿಗೆ ಕೊಡುತ್ತೇನೆ, ಚಳಿಗೆ ಸ್ವೆಟರ್ ಹಾಕುತ್ತೇನೆ. ಪ್ರಾಣಿಗೆ ಅಷ್ಟು ಸಾಕು. ನೋವಿಲ್ಲದೆ, ಹಸಿವಿಲ್ಲದೆ, ಪ್ರೀತಿಯಿಂದ ಇದ್ದರೆ ಗುಂಡನ ಬದುಕು ತುಂಬಿತು. ಲಿಫ್ಟಿನ ಬೋರ್ಡು ಅವನಿಗೆ ಓದಲು ಬರುವುದಿಲ್ಲ. ಮಾವಶಿಗೆ ಬರುತ್ತದೆ. ದಿನಾ ಎರಡು ಸಲ ಓದುತ್ತಾಳೆ. ಮಗಳನ್ನು ಕರೆತಂದ ದಿನ ಮಗಳೂ ಓದುತ್ತಾಳೆ.

ಮನೆಗೆ ಬಂದು ಮೊದಲು ಲೋಟ ತೆಗೆದೆ. ಮರುದಿನ ನಮ್ಮ ಲೋಟದಲ್ಲೇ ಚಹಾ ಕೊಟ್ಟೆ. ಅವಳು ಏನೂ ಹೇಳದೆ ಕುಡಿದು, ತೊಳೆದು, ಕಿಟಕಿಯ ಹತ್ತಿರದ ಹಳೆಯ ಜಾಗದಲ್ಲೇ ಇಟ್ಟಳು. "ರೂಢಿ ಆಗೇದ, ಬಿಡ್ರಿ ಅಕ್ಕಾರ." ಮೂರು ವಾರ ಹಾಗೇ ನಡೆಯಿತು. ಈಗ ಸ್ಟ್ಯಾಂಡಿನಲ್ಲಿ ಎಲ್ಲದರ ಜೊತೆ ಇಡುತ್ತಾಳೆ. 'ನೀವು' ಅನ್ನಲು ನನಗೆ ಇನ್ನೂ ನಾಲಿಗೆ ತಡವರಿಸುತ್ತದೆ, ಅವರಿಗೆ ನಗು ಬರುತ್ತದೆ.

ಆಮೇಲೆ ಕಮಿಟಿಗೆ ಎರಡನೇ ಪತ್ರ ಬರೆದೆ. ಬೋರ್ಡಿನ ಉಳಿದ ಎರಡು ಮಾತುಗಳನ್ನೂ ತೆಗೆಯಬೇಕು ಎಂದು. "ಯಾವ ರೂಲ್ ಪ್ರಕಾರ?" ಎಂದು ಕೇಳಿದರು. ನಾಯಿಗೆ ತೋರಿಸಲು ಮಂಡಳಿಯ ಕಾಗದವಿತ್ತು. ಇದು ಜಾತಿಯ ಮಾತಲ್ಲ ಮೇಡಂ, ರಶ್ ಆಗುತ್ತೆ, ಸ್ವಚ್ಛತೆಯ ಪ್ರಶ್ನೆ, ಎಂದರು ಇನ್ನೊಬ್ಬರು. ನಾಯಿಗುಂಪಿನ ಹನ್ನೊಂದು ಮನೆಯವರಲ್ಲಿ ಸಹಿ ಹಾಕಿದವರು ನಾಲ್ವರು.

ಅಲ್ಲಿಯವರೆಗೆ ಒಂದು ಉಪಾಯ ಮಾಡಿದ್ದೆ. ಬೆಳಿಗ್ಗೆ ಎಂಟಕ್ಕೆ ಕೆಳಗಿಳಿದು, ಮಾವಶಿಯನ್ನೂ ಗುಂಡನನ್ನೂ ಒಟ್ಟಿಗೆ ಕನ್ನಡಿಯ ಲಿಫ್ಟಿನಲ್ಲಿ ಕರೆದುಕೊಂಡು ಬರುವುದು. ನಾಲ್ಕು ದಿನ ಬಂದರು. ಐದನೇ ದಿನ ಬೇಡವೆಂದರು.

"ನೀವಿದ್ದಾಗ ಯಾರೂ ಏನೂ ಅನ್ನಂಗಿಲ್ರಿ. ನೀವಿಲ್ದಾಗ ನಾ ಒಬ್ಬಾಕಿ ಹತ್ತಿದ್ರ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಒಡೆಯ ಜೊತೆಗಿದ್ದರೆ ಮಾತ್ರ ಸಿಗುವ ದಾರಿಯನ್ನೇ ನಾನು ಅವರಿಗೂ ಕೊಡಲು ಹೊರಟಿದ್ದೆ. ಬೋರ್ಡು ಹೋಗಬೇಕು, ಬೇರೆ ದಾರಿಯಿಲ್ಲ. ವಿಷಯ ಬರುವ ವಾರ್ಷಿಕ ಸಭೆಯ ಅಜೆಂಡಾದಲ್ಲಿ ಇದೆ. ಪಾರ್ಕಿಂಗ್, ನೀರಿನ ಟ್ಯಾಂಕರ್, ಗಣಪತಿಯ ವರ್ಗಣಿ ಆದ ಮೇಲೆ ಏಳನೆಯದು. ಗುಂಡನ ಲಿಫ್ಟಿಗೆ ಒಂದು ತಿಂಗಳು ಹಿಡಿದಿತ್ತು. ಇದಕ್ಕೆಷ್ಟು ಹಿಡಿಯುತ್ತದೋ, ಸಭೆ ಮುಗಿಯುವ ತನಕ ನಾನು ಕುಳಿತಿರುತ್ತೇನೆ.

ನೀವು ಪುಣೆಗೆ ಬಂದಾಗ ಶನಿವಾರವಾಡಾ ನೋಡಿ, ಪರ್ವತಿಯ ಮೆಟ್ಟಿಲನ್ನೂ ಹತ್ತಿ. 1929ರಲ್ಲಿ ಅಲ್ಲಿನ ಗುಡಿಯ ಪ್ರವೇಶಕ್ಕಾಗಿ ಸತ್ಯಾಗ್ರಹ ಮಾಡಿದವರು ಏಟು ತಿಂದ ಮೆಟ್ಟಿಲುಗಳವು. ಹಾಗೆಯೇ ಗಂಜ್ ಪೇಠಿಗೂ ಹೋಗಿ ಬನ್ನಿ, ಸ್ವಾರಗೇಟ್‌ನಿಂದ ನಡೆದೇ ಹೋಗಬಹುದು. ನಿಮ್ಮ ಕಟ್ಟಡದ ಲಾಬಿಯಲ್ಲಿಯೂ ಒಂದು ಬೋರ್ಡು ಇದ್ದರೆ, ಹೊರಡುವ ಮೊದಲು ಒಮ್ಮೆ ಓದಿಕೊಂಡು ಹೊರಡಿ.